ಕೊಟೇಶನ್ ಮಾವನ ದೋಣಿ

ನಂದಿಗುಡಿಯ ನಮ್ಮ ಮಾವ ನಾಲ್ಕು ವರ್ಷದಿಂದ ದೋಣಿ ತಗೊಳ್ಳುತ್ತಿದ್ದಾರೆ. ತಗೊಂಡಿದ್ದಾರೆ ಅಂತ ಓದಿಕೊಂಡು ಬಸ್ಸು ಹತ್ತಿ ನೋಡಲು ಬಂದೀರಿ, ಬರಬೇಡಿ. ಇನ್ನೂ ತಗೊಳ್ಳುತ್ತಿದ್ದಾರೆ. ಅದಕ್ಕೂ ಹಿಂದೆ ಆರು ವರ್ಷ ಟ್ರ್ಯಾಕ್ಟರ್ ತಗೊಳ್ಳುತ್ತಿದ್ದರು. ಆ ನಡುವೆ ಅವರ ತಮ್ಮ ಒಂದು ದಿನ ಯೂರಿಯಾ ತರಲು ಹರಿಹರಕ್ಕೆ ಹೋದವನು ಸಂಜೆಗೆ ಟ್ರ್ಯಾಕ್ಟರ್ ಮೇಲೆ ಕೂತು ವಾಪಸು ಬಂದ. ಮಾವ ಅದರ ಸುತ್ತ ಮೂರು ಸುತ್ತು ಹಾಕಿ, ದೊಡ್ಡ ಗಾಲಿಯನ್ನು ಬೆರಳಿನಿಂದ ತಟ್ಟಿ, "ಇನ್ನೊಂದು ಹದಿನೈದು ದಿನ ತಡೆದಿದ್ರೆ ಹೊಸ ಮಾಡಲ್ ಬರ್ತಿತ್ತಲ್ಲೋ" ಅಂದರು. ತಮ್ಮ ಯೂರಿಯಾ ಇಳಿಸಿಕೊಂಡು ಒಳಗೆ ಹೋದ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ನಿಮ್ಮ ಮನೆಗೆ ಫ್ರಿಜ್ ತರುವಾಗ, ಮಗನಿಗೆ ಬೈಕು ಕೊಡಿಸುವಾಗ ಇವರನ್ನು ಕೇಳದೆ ಯಾರೂ ಮುಂದುವರಿಯುವುದಿಲ್ಲ. ಇವರು ಹೇಳಿದ್ದನ್ನು ತಗೊಂಡು ಸುಖವಾಗಿರುವವರು ನಂದಿಗುಡಿಯಿಂದ ಮಲೇಬೆನ್ನೂರಿನವರೆಗೆ ಇದ್ದಾರೆ. ಇವರ ಮನೆಯಲ್ಲಿ ಮಾತ್ರ ರೇಷ್ಮೆ ಸೀರೆಯ ಹಳೇ ಡಬ್ಬಿಯೊಂದಿದೆ. ಅದರ ತುಂಬ ಕೊಟೇಶನ್ನು. ಪಂಪ್‌ಸೆಟ್ಟಿನದು, ಪವರ್ ಟಿಲ್ಲರಿನದು, ಭತ್ತ ಕೊಯ್ಯುವ ಮಷೀನಿನದು, ಈಗೀಗ ದೋಣಿಯದು.

ಇದಕ್ಕೆ ಮಾವನನ್ನು ದೂರಿ ಪ್ರಯೋಜನವಿಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಷೀನಿಗೆ ದೇಶಕ್ಕೇ ಹೆಸರಾಗಿತ್ತಲ್ಲ, ಅಲ್ಲಿ ಅವರು ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದರು. ಮೈಕ್ರೋಮೀಟರ್ ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ಕೆಲಸ. ಕಾರ್ಖಾನೆ ಮುಚ್ಚಿತು. ಕೆಂಪು ಬಣ್ಣ ಮಾವನ ಕೈಯಲ್ಲೇ ಉಳಿಯಿತು.

ದೋಣಿಯ ಗಾಳಿ ಬಡಿದದ್ದು ಮಗಳ ಬಾಣಂತನಕ್ಕೆ ಫ್ಲಾರಿಡಾಕ್ಕೆ ಹೋದಾಗ. ಬಾಣಂತನಕ್ಕೆ ಹೋದ ಗಂಡಸಿನ ಪಾಡು ನಿಮಗೆ ಗೊತ್ತಿರಬಹುದು. ಅತ್ತೆಗೆ ಉಸಿರಾಡಲು ಪುರುಸೊತ್ತಿಲ್ಲ, ಮಾವನಿಗೆ ಆರು ತಿಂಗಳು ಉಸಿರಾಡುವುದೇ ಕೆಲಸ. ಆ ಸೀಮೆಯಲ್ಲಿ ನಮ್ಮ ಹಿತ್ತಿಲಲ್ಲಿ ತಿಪ್ಪೆ ಇದ್ದ ಹಾಗೆ ಅವರ ಹಿತ್ತಿಲಲ್ಲಿ ದೋಣಿ. ಪಕ್ಕದ ಮನೆಯ ಮುದುಕಪ್ಪ ಒಂದು ಭಾನುವಾರ ಮಾವನನ್ನು ಹತ್ತಿಸಿಕೊಂಡು ಹೋದ. ಇಳಿದು ಬಂದಾಗ ಮಾವ ಮೊದಲಿನ ಮಾವ ಆಗಿರಲಿಲ್ಲ. ಊರಿಗೆ ಬಂದವರೇ ಕಟ್ಟೆಯ ಮೇಲೆ ಘೋಷಿಸಿದರು: "ಸೆಂಟರ್ ಕನ್ಸೋಲ್ ತಗೊಳ್ತೀನಿ." ಊರವರ ಕಿವಿಗೆ ಅದು 'ಸೆಂಟ್ರಲ್ ಕೌನ್ಸಿಲ್' ಅಂತ ಬಿದ್ದು, ಮಾವ ಯಾವುದೋ ಎಲೆಕ್ಷನ್ನಿಗೆ ನಿಲ್ಲುತ್ತಾರೆಂದು ಎರಡು ವಾರ ಎಲ್ಲರೂ ಮರ್ಯಾದೆಯಿಂದ ಮಾತಾಡಿಸಿದರು.

ಕೊನೆಗೆ ಒಂದು ಸಂಜೆ ಮಂಡಕ್ಕಿ ಮಿರ್ಚಿ ತರಿಸಿ ಪಾಠವೇ ಮಾಡಬೇಕಾಯಿತು. "ನೋಡ್ರಪ್ಪಾ, ಗುಡಿ ಹೆಂಗಿರ್ತತಿ? ನಡುವೆ ಗರ್ಭಗುಡಿ, ಸುತ್ತ ಪ್ರದಕ್ಷಿಣೆ ಹಾಕಾಕೆ ಜಾಗ. ಈ ದೋಣಿನೂ ಹಂಗೇ. ಸ್ಟೇರಿಂಗು, ಗೇರು, ಮೀಟರು ಎಲ್ಲಾ ನಡುವಿನ ಪೆಟ್ಟಿಗ್ಯಾಗೆ. ಗಾಳಕ್ಕೆ ಬಿದ್ದ ಮೀನು ಸುಮ್ನಿರ್ತತೇನು? ದೋಣಿ ಸುತ್ತ ಓಡ್ತತಿ. ನೀನೂ ಕೋಲು ಹಿಡ್ಕಂಡು ಅದರ ಹಿಂದೆ ಸುತ್ತಬೇಕು. ಕ್ಯಾಬಿನ್ ಗೀಬಿನ್ ಅಡ್ಡ ಇದ್ರೆ ದಾರ ಸಿಕ್ಕಿ ಹರೀತತಿ." ನಾನು ಈ ದೋಣಿಯ ಬಗ್ಗೆ ಆಮೇಲೆ ಬೇಕಾದಷ್ಟು ಕೇಳಿದ್ದೇನೆ. ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ.

ಮಂಡಕ್ಕಿ ಮುಗಿಯುವ ಮೊದಲು ಬಾಸ್ಟನ್ ವೇಲರ್ ಕಂಪನಿಯ ಕತೆಯೂ ಬಂತು. 1958ರಲ್ಲಿ ಪೇಟೆಗೆ ಬಂದ ದೋಣಿ ಅದು, ಒಡಲಿನಲ್ಲಿ ನೊರೆಯಂಥ ಫೋಮು ತುಂಬಿರುತ್ತದೆ, ಮುಳುಗುವುದಿಲ್ಲ. ನಂಬದವರಿಗೆ ತೋರಿಸಲು ಅದರ ಮಾಲೀಕ ನೀರಿನ ಮೇಲೇ ದೋಣಿಯನ್ನು ಗರಗಸದಿಂದ ಎರಡು ತುಂಡು ಮಾಡಿಸಿದ. ತುಂಡು ತೇಲುತ್ತಲೇ ಇತ್ತು, ಆ ಚಿತ್ರ 1961ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂತು. ಕಟ್ಟೆಯ ತುದಿಯಲ್ಲಿ ಕೂತಿದ್ದ ಮಾವನ ತಮ್ಮ ಇದನ್ನು ಗಮನವಿಟ್ಟು ಕೇಳಿ, "ಹಂಗಾದ್ರೆ ತಗೊಳ್ರಣ್ಣ. ನಾಳೆ ಹಿಸೆ ಆದ್ರೆ ಜಗಳ ಇರಲ್ಲ" ಅಂದ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆಯನ್ನು ಯಾರೂ ಬಾಯಿ ಬಿಟ್ಟು ಕೇಳಿರಲಿಲ್ಲ. ಮಾವನದು ಮೀನು ಮುಟ್ಟದ ಮನೆ. ತತ್ತಿ ಹಾಕಿದ್ದಾರೆಂಬ ಅನುಮಾನಕ್ಕೆ ಬೇಕರಿಯ ಕೇಕನ್ನೂ ಅತ್ತೆ ಮೂಸಿ ನೋಡುತ್ತಾರೆ. ಕೇಳಿದವನು ನಾನೇ.

"ಹಿಡಿದು ಬಿಡಾದು ಅಳಿಯಾ" ಅಂದರು ಮಾವ. "ಅಮೆರಿಕದಾಗೆ ಹಿಂಗೇ. ಹಿಡೀಬೇಕು, ತೂಕ ನೋಡಬೇಕು, ಫೋಟೋ ತೆಗೀಬೇಕು, ವಾಪಸು ನೀರಿಗೆ ಬಿಡಬೇಕು."

ಒಳಗಿನಿಂದ ಅತ್ತೆಯ ದನಿ ಬಂತು. "ದಾವಣಗೆರೆ ಅಂಗಡಿಯೋರ್ನ ಹಿಡಿದು ಹಿಡಿದು ಬಿಟ್ಟಿದ್ದು ಸಾಕಾಗಿಲ್ಲೇನು?"

ಅಡ್ಡಿ ಅಂದರೆ ಹೊಳೆಯದೇ. ನಮ್ಮದು ತುಂಗಭದ್ರೆಯ ಸೀಮೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಹೊನ್ನಾಳಿ ದಾಟಿ ನಮ್ಮ ಕಡೆ ಬರುತ್ತಾಳೆ. ಬಂದಾಗ ಬಂದಳು, ಇಲ್ಲದಾಗ ಇಲ್ಲ. ಹಾಗಾಗಿ ಮಾವನ ದೋಣಿ ತಿಂಗಳಿಗೊಂದು ಅಳತೆಗೆ ಹಿಗ್ಗಿ ಕುಗ್ಗುತ್ತದೆ. ಜುಲೈನಲ್ಲಿ ಗಾಜನೂರು ತುಂಬಿ ತುಂಗೆಯ ಗೇಟು ತೆಗೆದರೆಂದು ಟಿವಿಯಲ್ಲಿ ಬಂದರೆ ದೋಣಿ 21 ಅಡಿ ಆಗುತ್ತದೆ, 150 ಎಚ್‌ಪಿ ಮೋಟಾರು. ಲಕ್ಕವಳ್ಳಿಯ ಭದ್ರಾ ಡ್ಯಾಮು 186 ಅಡಿ ಮುಟ್ಟಿ, ಉಕ್ಕಡಗಾತ್ರಿ–ಫತ್ತೇಪುರ ರಸ್ತೆ ನೀರಿನಡಿ ಹೋದ ದಿನವಂತೂ 26 ಅಡಿ, ಒಂದೊಂದೂ 200 ಎಚ್‌ಪಿಯ ಎರಡು ಮೋಟಾರು. "ಈ ಸೆಳವಿಗೆ ಅದೂ ಸಾಲಲ್ಲ" ಅಂತ ದಂಡೆಯಲ್ಲಿ ನಿಂತು ತಲೆಯಾಡಿಸುತ್ತಾರೆ. ನಮ್ಮ ಕಡೆ ಟ್ರ್ಯಾಕ್ಟರೇ ನಲವತ್ತು ಐವತ್ತು ಎಚ್‌ಪಿ. ಎಂಟು ಟ್ರ್ಯಾಕ್ಟರಿನ ಶಕ್ತಿಯನ್ನು ಬಾಲಕ್ಕೆ ಕಟ್ಟಿಕೊಂಡು ಮಾವ ಎಲ್ಲಿಗೆ ಹೋಗುತ್ತಾರೆಂದು ಯೋಚಿಸಿದರೆ ನನಗಂತೂ ಹೊಸಪೇಟೆ ಡ್ಯಾಮಿನ ಗೋಡೆಯೇ ಕಣ್ಣ ಮುಂದೆ ಬರುತ್ತದೆ. ದೀಪಾವಳಿ ಹೊತ್ತಿಗೆ ಒಂದು ಮೋಟಾರು ಉದುರುತ್ತದೆ. ಸಂಕ್ರಾಂತಿಗೆ 17 ಅಡಿ. ಶಿವರಾತ್ರಿ ಕಳೆದರೆ ತಳದ ಆಕಾರವೇ ಬದಲು. ಚೂಪು ತಳದ ದೋಣಿ ಅಲೆಯನ್ನು ಸೀಳುತ್ತದೆ, ಆದರೆ ಆಳ ಬೇಡುತ್ತದೆ. ಚಪ್ಪಟೆ ತಳದ್ದು ಗೇಣು ನೀರಲ್ಲೂ ಹೋಗುತ್ತದೆ, ಆದರೆ ಅಲೆಗೆ ಬೆನ್ನು ಮುರಿಯುತ್ತದೆ. "ಬಾಣಲೆ ಬೇಕೋ ಕಾವಲಿ ಬೇಕೋ ಅನ್ನಾದೇ ಪ್ರಶ್ನೆ" ಅಂತ ಮಾವ ಮಾರ್ಚ್ ಪೂರ್ತಿ ಕೊರಗುತ್ತಾರೆ. ಮೇ ತಿಂಗಳಲ್ಲಿ ಬಂಡೆಗಳು ಮಲಗಿದ ಎಮ್ಮೆಯಂತೆ ಬೆನ್ನು ತೋರಿಸುವಾಗ ಡಬ್ಬಿ ಮುಚ್ಚಿ ಅಟ್ಟ ಸೇರುತ್ತದೆ. ಜೂನ್ ಮೊದಲ ಮಳೆಗೆ ಇಳಿಯುತ್ತದೆ.

ಮೋಟಾರಿನ ವಿಷಯದಲ್ಲಿ ಮಾತ್ರ ಅವರು ಅಲ್ಲಾಡಿಲ್ಲ. ಯಮಹಾನೇ ಆಗಬೇಕು. ಕಾರಣ ತಾಂತ್ರಿಕವಾದದ್ದಲ್ಲ. ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಅವರ ಹತ್ತಿರ ಆರ್‌ಎಕ್ಸ್ 100 ಇತ್ತು. ಅದೊಂದನ್ನು ಯಾರನ್ನೂ ಕೇಳದೆ, ಕೊಟೇಶನ್ ಇಲ್ಲದೆ ತಗೊಂಡಿದ್ದರಂತೆ. ಆಗಿನ್ನೂ ಮದುವೆಯಾಗಿರಲಿಲ್ಲ.

ಕಾಗದಪತ್ರದಲ್ಲಿ ಮಾವ ಬಲು ಕಟ್ಟುನಿಟ್ಟು. 1917ರ ಹಳೇ ಕಾಯ್ದೆ ಹೋಗಿ ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಹೊಸದಾಗಿ ಬಂದಿದೆ, ಮೋಟಾರು ಕೂಡಿಸಿದರೆ ನೋಂದಣಿ ಆಗಬೇಕು ಎಂದು ಗೊತ್ತಾದ ದಿನವೇ ಅದರ ಪ್ರತಿ ತೆಗೆಸಿ, ಬೈಂಡ್ ಮಾಡಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟರು. ದೋಣಿಗಿಂತ ಮೊದಲು ಅದರ ಕಾಯ್ದೆ ಮನೆ ತುಂಬಿತು.

ಹೋದ ವರ್ಷ ಜೂನ್‌ನಲ್ಲಿ ನನ್ನನ್ನೂ ಎಳೆದುಕೊಂಡು ಮಲ್ಪೆಗೆ ಹೊರಟರು. ನಾಟಿಗೆ ಇನ್ನೂ ದಿನ ಇತ್ತು. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಘಾಟಿಯ ಹದಿನಾಲ್ಕು ತಿರುವಿನಲ್ಲಿ ಉಳಿದವರು ಸೀಟಿನ ಕಂಬಿ ಹಿಡಿದಿದ್ದರೆ ಮಾವ ಡ್ರೈವರ್ ಪಕ್ಕ ನಿಂತು ರಸ್ತೆಯ ಅಗಲ ಕಣ್ಣಳತೆಯಲ್ಲಿ ಹಿಡಿಯುತ್ತಿದ್ದರು. "ಎಂಟೂವರೆ ಅಡಿ ಅಗಲ, ಇಪ್ಪತ್ತಾರು ಅಡಿ ಉದ್ದದ್ದು ಇಲ್ಲಿ ತಿರುಗ್ತತೇನ್ರೀ?" ಡ್ರೈವರ್ ಉತ್ತರ ಕೊಡಲಿಲ್ಲ, ಪುಣ್ಯ. ಕಂಡಕ್ಟರ್, ಯಾವ ಲಾರಿ, ಏನು ಲೋಡು ಅಂತ ಕೇಳಿದ. ದೋಣಿ ಅಂದಿದ್ದಕ್ಕೆ, "ಹೊಳೆಯಲ್ಲೇ ತಗೊಂಡು ಹೋಗಬಹುದಲ್ಲ" ಅಂದ. ಮಾವ ಅದನ್ನೂ ಬರೆದುಕೊಂಡರು. ಪಶ್ಚಿಮಕ್ಕೆ ಹರಿಯುವ ನೀರಿಗೂ ಪೂರ್ವಕ್ಕೆ ಹರಿಯುವ ನೀರಿಗೂ ನಡುವೆ ಇದೇ ಘಟ್ಟ ನಿಂತಿದೆ ಎಂಬುದು ಅವರಿಗೆ ಹೊಳೆದದ್ದು ಉಡುಪಿಯಲ್ಲಿ ಕಾಫಿ ಕುಡಿಯುವಾಗ.

ಮಲ್ಪೆಯಲ್ಲಿ ಬಂದರಿನ ತುಂಬ ಬೋಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಎಲ್ಲ ಕಟ್ಟಿಹಾಕಿದ ದನದಂತೆ ಒತ್ತೊತ್ತಾಗಿ ನಿಂತಿದ್ದವು. 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಬಿಡುವು, ಅದಕ್ಕೂ ಸಮುದ್ರ ಒಪ್ಪಬೇಕು. ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಹಿರಿಯರೊಬ್ಬರ ಪಕ್ಕ ಮಾವ ಕೂತು ಡಬ್ಬಿ ಬಿಚ್ಚಿದರು. ಅವರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನಡುವಲ್ಲಿ ಈ ಪೆಟ್ಟಿಗೆ ಇಟ್ಟರೆ ಬಲೆ ಎಲ್ಲಿ ಇಡುವುದು?"

"ಬಲೆ ಇಲ್ಲ, ಗಾಳ."

"ಒಂದೊಂದೇ ಮೀನಾ?" ಅವರು ಮಾವನ ಮುಖವನ್ನು ಕರುಣೆಯಿಂದ ನೋಡಿದರು. "ನಮ್ಮದು ಹಿಂದೆ ಕೂತು ನಡೆಸುವುದು. ನಡು ಪೂರ್ತಿ ಬಲೆಗೆ, ಮೀನಿಗೆ. ಸಾಲ ಉಂಟಲ್ಲ. ನಿಮ್ಮಲ್ಲಿ ನೀರು ಎಷ್ಟು ಮಾರು ಉಂಟು?"

ಮಾವ ಇನ್ಸ್‌ಪೆಕ್ಷನ್ ವಿಭಾಗದವರು, ಸುಳ್ಳು ಹೇಳುವವರಲ್ಲ. "ಬೇಸಿಗ್ಯಾಗೆ ಮೊಣಕಾಲುಮಟ. ಮಳೆಗಾಲದಾಗೆ ರಸ್ತೆ ಮ್ಯಾಲೆ."

"ಹಾಗಾದರೆ ನಿಮಗೆ ಬೇಕಾದದ್ದು ದೋಣಿ ಅಲ್ಲ ಮಾರಾಯ್ರೆ. ನೀರು."

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಮಾತಾಡಲಿಲ್ಲ. ಇಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ. ತೀರ್ಥಹಳ್ಳಿ ದಾಟಿದ ಮೇಲೆ ಮೆಲ್ಲಗೆ, "ಸೂಳೆಕೆರೆಯಾಗೆ ಹನ್ನೆರಡು ತಿಂಗ್ಳೂ ನೀರಿರ್ತತಲ್ಲೇನೋ ಅಳಿಯಾ?" ಅಂದರು.

ಮೊನ್ನೆ ಚಳಿಗಾಲದಲ್ಲಿ ಹೊಳೆಯಾಚೆ ಅತ್ತೆಯ ತವರಲ್ಲಿ ಕಾರ್ಯವಿತ್ತು. ಆಚೆ ದಡ ಹಾವೇರಿ ಜಿಲ್ಲೆ. ರಸ್ತೆಯಲ್ಲಾದರೆ ಹರಿಹರ, ರಾಣೆಬೆನ್ನೂರು ಅಂತ ಸುತ್ತು ಬರಬೇಕು. ಅತ್ತೆ ಯಾರನ್ನೂ ಕೇಳದೆ ದಂಡೆಗಿಳಿದು, ಸೀರೆ ಎತ್ತಿ ಸಿಕ್ಕಿಸಿ, ಮೀನಿನ ಬಲೆ ಒಣಗಿಸುತ್ತಿದ್ದವನ ತೆಪ್ಪದೊಳಗೆ ಕೂತುಬಿಟ್ಟರು. ಬಿದಿರಿನ ದುಂಡನೆ ಬುಟ್ಟಿ, ಮೈಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಅದರ ಪೂರ್ತಿ ಬೆಲೆಗೆ ಮಾವನ ಮೋಟಾರಿನ ಫ್ಯಾನೂ ಬರುವುದಿಲ್ಲ. ಮಾವ ಒಂದು ಕಾಲು ನೀರಲ್ಲಿ, ಒಂದು ಕಾಲು ದಡದಲ್ಲಿಟ್ಟು ನಿಂತರು.

"ಇದಕ್ಕೆ ಮುಂದು ಯಾವ್ದು, ಹಿಂದು ಯಾವ್ದು?"

"ನಾ ಎಲ್ಲಿ ಕುಂತ್ರೆ ಅದೇ ಮುಂದು. ಹತ್ರಿ ಯಜಮಾನ್ರೆ" ಅಂದ ತೆಪ್ಪದವನು, ಹುಟ್ಟು ಹಿಡಿದು. "ಅಂಚಿಗೆ ಕೂರಬ್ಯಾಡ್ರಿ, ವಾಲ್ತತಿ. ಸರಿಯಾಗಿ ನಡೂಕ ಕೂರ್ರಿ. ನಡೂಕ."

ಮಾವ ಹತ್ತಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನಟ್ಟನಡುವೆ ಕೂತರು. ತೆಪ್ಪ ಎರಡು ಸುತ್ತು ಗಿರಕಿ ಹೊಡೆದು ಸೆಳವಿಗೆ ಸೇರಿತು. ದಂಡೆಯಲ್ಲಿ ನಿಂತಿದ್ದ ನನಗೆ ಮಾವನ ಬೆನ್ನು ಕಂಡಿತು, ಮುಖ ಕಂಡಿತು, ಮತ್ತೆ ಬೆನ್ನು ಕಂಡಿತು. ಮುಖ ಎರಡನೇ ಸಲ ಈಚೆ ತಿರುಗುವ ಹೊತ್ತಿಗೆ ಜೇಬಿನಿಂದ ಪೆನ್ನು ಹೊರಬಂದಿತ್ತು. ನೀರಿನ ಮೇಲಿಂದ ದನಿ ಸ್ಪಷ್ಟವಾಗಿ ಕೇಳಿಸಿತು.

"ಡಾಂಬರು ಎಷ್ಟು ಕೆಜಿ ಹಿಡೀತಪ್ಪಾ? ಬಿದಿರು ಎಲ್ಲಿಂದ ತರಿಸ್ತೀಯಾ?"