ಎಂಟು ಪ್ರಶ್ನೆಗಳ ಮಹಾಸ್ವಾಮಿಗಳಿಗೆ

ಮಹಾರಾಜಶ್ರೀ ಕ್ಯೂಡಿಟ್-ಆರ್ ಪ್ರಶ್ನಾವಳಿಯವರ ಸನ್ನಿಧಾನಕ್ಕೆ, ವ್ಯಸನಮುಕ್ತಿ ಕೇಂದ್ರವೊಂದರ ಆಪ್ತಸಮಾಲೋಚಕನ ಸಾಷ್ಟಾಂಗ ನಮಸ್ಕಾರಗಳು.

ವಯಸ್ಕರ ಗಾಂಜಾ ಚಟ ಯಾವ ಮಟ್ಟಕ್ಕೆ ಹೋಗಿದೆ ಎಂದು ಅಳೆಯಲು ತಾವು 2003ರಲ್ಲಿ ನ್ಯೂಜಿಲೆಂಡಿನಲ್ಲಿ ಅವತರಿಸಿದಿರಿ. ಕುಡಿತ ಅಳೆಯುವ ‘ಆಡಿಟ್’ ಎಂಬ ಅಣ್ಣನ ಹಳೇ ಅಂಗಿ ತೊಟ್ಟೇ ಬಂದಿರಿ. 2010ರಲ್ಲಿ ಅದನ್ನು ಕತ್ತರಿಸಿ ಮೈಗೆ ಹೊಂದಿಸಿಕೊಂಡಿರಿ. ಈಗ ಎಂಟೇ ಪ್ರಶ್ನೆ, ಒಟ್ಟು 32 ಅಂಕ. 8 ಮುಟ್ಟಿದರೆ ಅಪಾಯ, 12 ಮುಟ್ಟಿದರೆ ಕಾಯಿಲೆಯ ಶಂಕೆ. ಮನುಷ್ಯನನ್ನು ಇಷ್ಟು ಬೇಗ ಮುಗಿಸಿಕೊಡುವ ತಮಗೆ ನಾವು ಚಿರಋಣಿಗಳು.

ತಮ್ಮ ಆರನೆಯ ಪ್ರಶ್ನೆಗಂತೂ ನಿತ್ಯ ಕೈಮುಗಿಯುತ್ತೇನೆ. ಗಾಂಜಾ ಸೇದಿದ ಮೇಲೆ ನೆನಪು, ಏಕಾಗ್ರತೆ ಕೈಕೊಟ್ಟಿದ್ದು ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಎಂದು ಕೇಳುತ್ತೀರಿ. ಮರೆತದ್ದನ್ನೆಲ್ಲ ನೆನಪಿಟ್ಟುಕೊಂಡು ಬಂದು ಲೆಕ್ಕ ಒಪ್ಪಿಸಬೇಕು! ಎದುರಿಗಿದ್ದವನು ನನ್ನ ಮುಖ ನೋಡುತ್ತಾನೆ, ನಾನು ತಮ್ಮ ಮುಖ ನೋಡುತ್ತೇನೆ, ಕೊನೆಗೆ ಇಬ್ಬರೂ ಸೇರಿ ‘ತಿಂಗಳಿಗೊಮ್ಮೆ’ ಎಂದು ಬರೆಯುತ್ತೇವೆ.

ಎಂಟನೆಯದರ ಔದಾರ್ಯ ಅದಕ್ಕಿಂತ ದೊಡ್ಡದು. “ಬಿಡ್ಬೇಕು ಅಂತಿದೀನಿ ಸಾರ್” ಎಂದು ಬಾಯಿಬಿಟ್ಟವನಿಗೆ ನಾಲ್ಕು ಅಂಕ. “ಬಿಡೋದ್ಯಾಕೆ? ಆರಾಮಾಗಿದೀನಿ” ಎಂದವನಿಗೆ ಸೊನ್ನೆ. ಒಳ್ಳೆಯ ಬುದ್ಧಿ ಬಂದ ಕೂಡಲೇ ಕಾಯಿಲೆ ಜಾಸ್ತಿ! ಚಟವನ್ನು ಒಪ್ಪಿಕೊಳ್ಳುವುದೂ ಅದರ ಗುರುತೇ ಎಂಬ ವಾದವನ್ನು ನಾನೂ ಓದಿದ್ದೇನೆ. ಆದರೆ ಅಂಕ ಕೇಳಿ ಅವನ ಮುಖ ಬಾಡುವುದನ್ನು ನೋಡಬೇಕಾದವನು ನಾನು, ತಾವಲ್ಲ.

ಎಷ್ಟು ಸೇದಿದೆ ಎಂದು ತಾವು ಕೇಳುವುದೇ ಇಲ್ಲ. ಎಷ್ಟು ಗಂಟೆ ಅಮಲಿನಲ್ಲಿದ್ದೆ ಎಂದಷ್ಟೇ ಕೇಳುತ್ತೀರಿ. ಇದು ಜಾಣತನವೇ. ಕುಡುಕನಿಗೆ ಪೆಗ್ಗಿನ ಲೆಕ್ಕವುಂಟು, ಸೊಪ್ಪಿಗೆಲ್ಲಿಯ ಅಳತೆ? ಅಮೆರಿಕದ ಸಂಶೋಧಕರಿಗೆ 2021ರಲ್ಲಿ 5 ಮಿಲಿಗ್ರಾಂ ಅಮಲೇರಿಸುವ ಟಿಎಚ್‌ಸಿ ಎಂಬ ಅಳತೆಯೇನೋ ಸಿಕ್ಕಿತು. ನಮ್ಮ ಪೊಟ್ಟಣದ ಮೇಲೆ ಅದನ್ನು ಅಚ್ಚು ಹಾಕಿಸುವ ಕೃಪೆಯನ್ನೂ ಯಾರಾದರೂ ಮಾಡಲಿ.

ಭಂಗಿಯ ವಿಷಯ ಕೇಳಿ ತಮಗೆ ಮುಜುಗರ ಮಾಡಲಾರೆ. ಹೋಳಿಯಲ್ಲಿ ಭಂಗಿ ಬೆರೆಸಿದ ಥಂಡಾಯಿ ಕುಡಿದವನು ತಾನು ಗಾಂಜಾ ಮುಟ್ಟಿದವನೇ ಅಲ್ಲ ಎನ್ನುತ್ತಾನೆ. ಭಂಗಿಗೆ ಅರೆಯುವ ಬರೀ ಎಲೆಯನ್ನು ನಮ್ಮ ಕಾಯ್ದೆಯೂ ಗಾಂಜಾ ಎನ್ನುವುದಿಲ್ಲ.

ಕಾಯ್ದೆ ಎಂದಾಗ ಜ್ಞಾಪಕವಾಯಿತು. 1985ರ ಎನ್‌ಡಿಪಿಎಸ್ ಮಾದಕವಸ್ತು ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇದಿದವನಿಗೆ 6 ತಿಂಗಳವರೆಗೆ ಸೆರೆಯಾಗಬಹುದು. ತಾವು ಕೇಳುವುದೂ ಆರು ತಿಂಗಳ ಕಥೆಯನ್ನೇ. ಈ ಹೊಂದಾಣಿಕೆ ತಮಗೆ ತಿಳಿಯದಿರಬಹುದು, ಕುರ್ಚಿಯಲ್ಲಿ ಕೂತವನಿಗೆ ತಿಳಿದಿದೆ. ಸಾಲದ್ದಕ್ಕೆ ಪಕ್ಕದಲ್ಲಿ ಅವನ ತಾಯಿ. ಗಾಡಿ ಓಡಿಸುವಾಗ, ಮಕ್ಕಳನ್ನು ನೋಡಿಕೊಳ್ಳುವಾಗ ಸೇದಿದ್ದೆಯಾ ಎಂಬ ಏಳನೆಯ ಪ್ರಶ್ನೆಗೆ ಅವನಿಗಿಂತ ಮೊದಲು ಆಕೆಯೇ “ಛೆ, ಇಲ್ಲಪ್ಪ” ಎಂದುಬಿಡುತ್ತಾರೆ.

ಆದ್ದರಿಂದ ಪಾದಾರವಿಂದಗಳಲ್ಲಿ ಒಂದೇ ಬಿನ್ನಹ. ಮುಂದಿನ ಪರಿಷ್ಕರಣೆಯಲ್ಲಿ ಒಂಬತ್ತನೆಯ ಪ್ರಶ್ನೆಯೊಂದನ್ನು ದಯಪಾಲಿಸಬೇಕು: ‘ಮೇಲಿನ ಎಂಟರಲ್ಲಿ ಎಷ್ಟಕ್ಕೆ ಸುಳ್ಳು ಹೇಳಿದಿರಿ?’ ಅಂಕ ಎಷ್ಟೆಂಬುದು ತಮ್ಮ ಚಿತ್ತ.

ಇಂತಿ ತಮ್ಮ ವಿಧೇಯ,
ಫಾರಂ ತುಂಬುವವನು