ಮುತ್ತಜ್ಜನ ಬೆನ್ನು ಹತ್ತಿದ ಮಾಮ

ಮದುವೆ ಊಟಕ್ಕೆ ಕೂತಿದ್ದೀರಿ. ಪಕ್ಕದ ಎಲೆಯವರು ಸಾಂಬಾರು ಬರುವ ಮೊದಲೇ "ತಂಬಿ, ನಿಮ್ಮ ಅಪ್ಪನ ಅಪ್ಪನ ಅಪ್ಪ ಯಾರು?" ಎಂದು ಕೇಳಿದರೆ ತಡಮಾಡದೆ ಎದ್ದು ಬೇರೆ ಪಂಕ್ತಿಗೆ ಹೋಗಿ. ಅವರು ವಂಶವೃಕ್ಷದವರು. ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ನೇಕಾರ ದೇವಾಂಗರಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ನಿವೃತ್ತರು, ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು, ಜೇಬಿನಲ್ಲಿ ಸತ್ತವರಿಗೊಂದು, ಬದುಕಿರುವವರಿಗೊಂದು ಬಣ್ಣದ ಪೆನ್ನು. ನನ್ನ ಪಾಲಿಗೆ ಬಂದವರು ದೂರದ ಸಂಬಂಧದ ಒಬ್ಬ ಮಾಮ. ಎಷ್ಟು ದೂರದ ಸಂಬಂಧ ಎಂಬುದು ಅವರ ಚಾರ್ಟಿಗೆ ಮಾತ್ರ ಗೊತ್ತು.

ಅವರ ಕಷ್ಟವೂ ಸಣ್ಣದಲ್ಲ. ನಮ್ಮ ದೇವಿ ರಾಮಲಿಂಗ ಚೌಡೇಶ್ವರಿ. ಹಾಗಾಗಿ ಮನೆಗೊಬ್ಬ ರಾಮಲಿಂಗಂ. ಮೊಮ್ಮಗನಿಗೆ ತಾತನ ಹೆಸರಿಡುವುದು ಪದ್ಧತಿ. ಇಲ್ಲಿನ ರೂಢಿಯಂತೆ ಅಪ್ಪ ಇನಿಶಿಯಲ್ಲಿನ ಒಂದಕ್ಷರಕ್ಕೆ ಇಳಿದರೆ, ತಾತ ಅದೂ ಇಲ್ಲದೆ ಕಾಣೆಯಾಗುತ್ತಾನೆ. ರಾಮಲಿಂಗಂ ಮಗ ರಂಗಸಾಮಿ, ಅವನ ಮಗ ರಾಮಲಿಂಗಂ, ಅವನ ಮಗ ರಂಗಸಾಮಿ: ಚಾರ್ಟಿನ ಉದ್ದಕ್ಕೂ ಎಲ್ಲರೂ ಆರ್. ಆರ್.! ಹಂಪಿಯ ಕಡೆಯಿಂದ ಬಂದೆವು ಎಂದು ಹಿರಿಯರು ಹೇಳಿದರೆ ಉಳಿದವರಿಗೆ ಅಷ್ಟೇ ಸಾಕು. ಮಾಮನಿಗೆ ಮಾತ್ರ ಯಾರು ಮೊದಲು ಹೊರಟರು, ದಾರಿಯಲ್ಲಿ ಎಲ್ಲಿ ತಂಗಿದರು ಎಂಬ ಲೆಕ್ಕ ಬೇಕು.

ವಿಜಯದಶಮಿಯಂದು ಕೊಯಮತ್ತೂರಿನ ರಾಜಾ ಬೀದಿಯ ಗುಡಿಗೆ ಚೌಡೇಶ್ವರಿ ಅಮ್ಮನನ್ನು ಕರೆತರುವಾಗ ಹುಡುಗರು ಎದೆಗೆ, ತೋಳಿಗೆ ಕತ್ತಿ ಬೀಸಿಕೊಳ್ಳುತ್ತ ಕುಣಿಯುತ್ತಾರೆ. ಒಮ್ಮೆ ಜನ ಭಕ್ತಿಯಿಂದ ಕೈಮುಗಿದಿರುವಾಗ ಮಾಮ ನೋಟ್‌ಬುಕ್ ಹಿಡಿದು ನುಗ್ಗಿ, ಎದೆಯಿಂದ ರಕ್ತ ಇಳಿಯುತ್ತಿರುವ ಹುಡುಗನನ್ನು "ತಂಬಿ, ನಿಮ್ಮದು ಯಾವ ಕುಲ?" ಎಂದು ವಿಚಾರಿಸುತ್ತಿದ್ದರು. ನಾನು ಜನರ ಹಿಂದೆ ಅವಿತುಕೊಂಡೆ.

ದಾಖಲೆ ಹುಡುಕುವುದೂ ಸುಲಭವಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆಯಾಯಿತು. ಮುತ್ತಜ್ಜಂದಿರು ಮಗ್ಗದ ಗುಂಡಿಯಿಂದ ಕಾಲೆತ್ತದಿದ್ದರೂ ಅವರ ಜಿಲ್ಲೆ ಬದಲಾಯಿತು. ಕೊಳ್ಳೇಗಾಲದಲ್ಲಿ ಕೇಳಿದರೆ ಕೊಯಮತ್ತೂರಿಗೆ ಕಳಿಸುತ್ತಾರೆ, ಅಲ್ಲಿ ಕೇಳಿದರೆ ಚೆನ್ನೈಗೆ.

ಇದರಿಂದಾಗಿ ಮಾಮನಿಗೆ ಸ್ಕಾಟ್ಲೆಂಡಿನವರ ಮೇಲೆ ವಿಪರೀತ ಹೊಟ್ಟೆಕಿಚ್ಚು. ಅಲ್ಲಿ 1855ರಿಂದ ಹುಟ್ಟು, ಮದುವೆ, ಸಾವು ಮೂರೂ ಸರ್ಕಾರಿ ದಫ್ತರದಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳು. ಆದರೆ ಅವರಲ್ಲೂ ಹಿರಿಮಗನಿಗೆ ತಾತನ ಹೆಸರಿಡುವ ವಾಡಿಕೆ ಇತ್ತೆಂದು ತಿಳಿದ ದಿನ ಮಾಮ ನನಗೆ ಕಾಫಿ ಕೊಡಿಸಿದರು. ತಮಾಷೆಯೆಂದರೆ ನಮ್ಮ ಊರುಗಳ ಸುದ್ದಿ ಬರೆದಿಟ್ಟವರೂ ಅವರೇ. ಕ್ಯಾಲಂಡರ್ ಊರಿನ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೊಯಮತ್ತೂರು, ಮಲಬಾರು ಸುತ್ತಿ 1807ರಲ್ಲಿ ಮೂರು ಸಂಪುಟ ಅಚ್ಚು ಹಾಕಿಸಿದ. ಊರೂರಿನ ವೃತ್ತಾಂತಗಳಾದ ಕೈಫಿಯತ್ತುಗಳನ್ನು ಗುಡ್ಡೆ ಹಾಕಿದ ಕಾಲಿನ್ ಮೆಕೆಂಜಿ ಸ್ಟಾರ್ನೊವೇಯವನು. ಬುಕಾನನ್ ಮುಂದೆ ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಆದನಂತೆ. "ನೋಡು ತಂಬಿ, ಪಾಪ, ಅವನ ಮರಿಮಕ್ಕಳಿಗೂ ಇದೇ ಗೋಳು" ಎಂದು ಮಾಮ ಮರುಗಿದರು.

ನನಗೆ ಸಿಟ್ಟು ಬರುವುದು ಮಾಮ ಚಾರ್ಟು ಬಿಚ್ಚಿದಾಗ. ಅದರಲ್ಲಿ ಗಂಡಸರು ಗಂಡಸರನ್ನೇ ಹೆತ್ತಿದ್ದಾರೆ. ಆದರೆ ಅಷ್ಟೂ ಹೆಸರನ್ನು ಹೇಳಿದವರು ನಡುಮನೆಯಲ್ಲಿ ಕಾಲು ಚಾಚಿ ಕೂತ ಮುದುಕಿಯರು. ಅದರಲ್ಲೂ ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದೆಂದು ಪಕ್ಕದಲ್ಲಿದ್ದ ಮೊಮ್ಮಗಳಿಂದ ಹೇಳಿಸಿದವರು.

ಒಮ್ಮೆ ಸೋಮನೂರಿನ ಹತ್ತಿರ ಅತ್ತೆಯೊಬ್ಬರ ಮನೆಯ ಅಟ್ಟದಲ್ಲಿ ಕಡತ ಇದೆಯೆಂದು ಸುದ್ದಿ ಬಂತು. ನಮ್ಮ ಮನೆಗಳಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು. ಮಾಮನಿಗೆ ಕನ್ನಡ ಅಕ್ಷರ ಬಾರದು. ಬೆಂಗಳೂರಿನಲ್ಲಿ ಓದಿದ ತಪ್ಪಿಗೆ ನನ್ನನ್ನು ಎಳೆದೊಯ್ದರು. ಕಡತವೆಂದರೆ ಇದ್ದಿಲ ಪುಡಿ, ಹುಣಸೆ ಬೀಜದ ಸರಿ ಬಳಿದು ಮಡಿಕೆ ಹಾಕಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಅತ್ತೆ ಅದನ್ನು ತಂದಿಟ್ಟರು. ಮೂಲೆಗೆ ಕುಂಕುಮ, ಮೈಯೆಲ್ಲ ಫಳಫಳ. "ಆಯುಧಪೂಜೆಗೆ ಇಡಬೇಕಲ್ಲ ಅಂತ ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿದೆ."

ಮಾಮ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಕೊನೆಯ ಮಡಿಕೆಯ ಸಂದಿಯಲ್ಲಿ ಮಾತ್ರ ಒಂದು ಸಾಲು ಉಳಿದಿತ್ತು. ದೀಪದ ಹತ್ತಿರ ಹಿಡಿದು ಓದಿದೆ: "...ಲಿಂಗನ ಮಗ, ನೂಲಿನ ಬಾಕಿ". ಮೊತ್ತ ಅಳಿಸಿಹೋಗಿತ್ತು.

"ಸಾಲ ಇತ್ತು ಅಂದರೆ ಮನುಷ್ಯನೂ ಇದ್ದ!" ಎಂದು ಮಾಮ ಮಗುವಿನಂತೆ ಕುಣಿದರು. ಚಾರ್ಟಿನ ತುದಿಯಲ್ಲಿ ಅವನಿಗೊಂದು ಚೌಕ ಎಳೆದರು. ಅತ್ತೆ ಕಡತವನ್ನು ಮಡಿಸುತ್ತ, "ಎಷ್ಟಿತ್ತೋ ಏನೋ, ನಾನು ಒರೆಸಿದ್ದರಿಂದ ತೀರಿತು ಬಿಡಿ" ಎಂದರು. ಆ ಅತ್ತೆಯ ಹೆಸರು ಚಾರ್ಟಿನಲ್ಲಿಲ್ಲ.

ಮಾಮನಿಗೆ ಒಬ್ಬನೇ ಮಗ, ಪೀಳಮೇಡಿನಲ್ಲಿ ಕೆಲಸ. ಮೊಮ್ಮಕ್ಕಳು ಇಂಗ್ಲಿಷಿನಲ್ಲೇ ಜಗಳವಾಡುತ್ತವೆ. ಅಷ್ಟು ಚೌಕ ಎಳೆದ ಮೇಲೆ ಕೆಳಗಡೆ ಯಾರಾದರೂ ಓದುವವರಿರಲಿ ಎಂಬ ಆಸೆಯಿಂದಲೋ ಏನೋ, ಈಗ ನನಗೂ ಒಂದು ಪ್ರತಿ ಕೊಟ್ಟಿದ್ದಾರೆ. ಅದನ್ನು ಬಿಡಿಸಿ ನೋಡುತ್ತಿದ್ದವನು ಸುಮ್ಮನಿರದೆ ಅಮ್ಮನಿಗೆ ಫೋನು ಮಾಡಿ ಅವಳ ಅಜ್ಜಿಯ ಹೆಸರು ಕೇಳಿದೆ. "ಅಜ್ಜಿಗೆ ಹೆಸರು ಹಿಡಿದು ಕರೆಯೋದುಂಟೇನೋ?" ಎಂದು ಬೈಸಿಕೊಂಡೆ.

ನಿಮ್ಮ ಅಟ್ಟದಲ್ಲೂ ಕಪ್ಪು ಬಟ್ಟೆಯ ಕಡತವಿದ್ದರೆ ಪೂಜೆಗೆ ಇಡಿ, ಕುಂಕುಮವನ್ನೂ ಹಚ್ಚಿ. ನೀರು ಮಾತ್ರ ಸೋಕಿಸಬೇಡಿ. ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ವಿಳಾಸ ಹೇಳದಿದ್ದರೆ ಮಾಮನನ್ನೂ ಕರೆಯಬಹುದು.