ಮಾರಾಟಕ್ಕಿರುವ ಕಾಂಟೆಸ್ಸಾದ ಯಜಮಾನರು

ಹಳೆಯ ಕಾಂಟೆಸ್ಸಾ ಕಾರನ್ನು ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ, ಹಿಂದಿನ ಗಾಜಿಗೆ ‘ಮಾರಾಟಕ್ಕಿದೆ’ ಎಂದು ಚೀಟಿ ಅಂಟಿಸಿ, ಆಮೇಲೆ ವರ್ಷಗಟ್ಟಲೆ ಮಾರದೆ ಇರುವವರನ್ನು ಕಾಂಟೆಸ್ಸಾ ಯಜಮಾನರು ಎನ್ನಬಹುದು. ಇವರು ಎಲ್ಲ ಊರುಗಳಲ್ಲೂ ಸಿಗುತ್ತಾರಾದರೂ ತುಮಕೂರಿನ ಬಟವಾಡಿ ಇವರಿಗೆ ಚೆನ್ನಾಗಿ ಒಗ್ಗಿದೆ. ಎಪಿಎಂಸಿ ಯಾರ್ಡಿನ ಮಂಡಿಯಲ್ಲಿ ಅಪ್ಪ ಹುಣಸೆಹಣ್ಣು ಮಾರಿ ಮಾಡಿದ ದುಡ್ಡು, ಅದನ್ನು ಕರಗಿಸಲು ಗ್ಯಾರೇಜು, ಗಾಡಿ ನಿಲ್ಲಿಸಿದರೆ ತಿರುಗಿ ನೋಡಲು ಬಿ.ಎಚ್. ರಸ್ತೆಯ ಜನ, ಮೂರೂ ಇಲ್ಲಿ ಕೂಗಳತೆಯಲ್ಲಿವೆ. ಯಜಮಾನರ ವಯಸ್ಸು ಸಾಮಾನ್ಯವಾಗಿ ಐವತ್ತರ ಆಸುಪಾಸು. ದಿನದ ಓಡಾಟಕ್ಕೆ ಆಕ್ಟಿವಾ.

ಕಾರಿನ ಜಾತಕ ತಿಳಿದರೆ ಯಜಮಾನರು ಅರ್ಥವಾಗುತ್ತಾರೆ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಕಾಂಟೆಸ್ಸಾವನ್ನು ತಂದದ್ದು 1984ರಲ್ಲಿ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ ತಯಾರಿಸಿ ಕೈಬಿಟ್ಟಿದ್ದ ಕಾರೇ ಇದಕ್ಕೆ ಮೂಲ. ಮೈ ದೊಡ್ಡದು, ಬಾನೆಟ್ಟು ಉದ್ದ, ಡಿಕ್ಕಿ ವಿಶಾಲ. ಒಳಗೆ ಮಾತ್ರ ಅಂಬಾಸಿಡರಿನದೇ 1.5 ಲೀಟರ್ ಇಂಜಿನ್, ಸುಮಾರು 50 ಕುದುರೆಶಕ್ತಿ. ಮುಂದೆ ಜಪಾನಿನ ಇಸುಜು 1.8 ಲೀಟರ್ ಇಂಜಿನ್ ಕೂರಿಸಿದ ಮೇಲೆ ಮೈಗೆ ತಕ್ಕ ಉಸಿರು ಬಂತು. 2002ಕ್ಕೆ ತಯಾರಿಕೆ ನಿಂತಿತು. ಯಜಮಾನರು ಇದನ್ನು ‘ಇಂಡಿಯನ್ ಮಸಲ್ ಕಾರ್’ ಎಂದು ಪರಿಚಯಿಸುತ್ತಾರೆ. ಆ ಬಿರುದಿನ ತವರಾದ ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಒ ಕಾರಿಗೆ 6.4 ಲೀಟರ್ ಇಂಜಿನ್, 325 ಕುದುರೆಶಕ್ತಿ ಇತ್ತು. ಕುಣಿಗಲ್ಲಿನ ಕುದುರೆ ಫಾರಂ ಇಷ್ಟು ಹತ್ತಿರವಿದ್ದರೂ ಮಿಕ್ಕ 275 ಕುದುರೆ ಎಲ್ಲಿ ಎಂದು ಬಟವಾಡಿಯಲ್ಲಿ ಯಾರೂ ಕೇಳಿದ್ದಿಲ್ಲ.

ಕಾರು ಯಜಮಾನರ ಕೈಸೇರುವುದು ಹೆಚ್ಚಾಗಿ ಯಾರದೋ ತೆಂಗಿನ ತೋಟದ ಶೆಡ್ಡಿನಿಂದ, ಕೋಳಿಗಳನ್ನು ಒಕ್ಕಲೆಬ್ಬಿಸಿದ ಮೇಲೆ. ಟಿಂಕರಿಂಗ್‌ನವನು ಮೂರು ತಿಂಗಳ ಕೆಲಸ ಎನ್ನುತ್ತಾನೆ. ಮೂರನೆಯ ಯುಗಾದಿಗೂ ಗಾಡಿ ಇಟ್ಟಿಗೆಯ ಮೇಲೆಯೇ ನಿಂತಿರುತ್ತದೆ. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕು, ಪಟ್ಟಿ ಮೆತ್ತಬೇಕು, ಉಜ್ಜಬೇಕು, ಪ್ರೈಮರ್ ಹೊಡೆಯಬೇಕು. ಅಂಬಾಸಿಡರ್ ಇಂಜಿನ್ನಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಷ್ಟವಿಲ್ಲದೆ ಸಿಗುತ್ತದೆ. ಕಾಡುವುದು ಬೀಡಿಂಗು, ಬಾಗಿಲ ಹಿಡಿ, ಹಿಂದಿನ ಲೈಟು. ಶಿವಾಜಿನಗರದ ಗುಜರಿಯಲ್ಲಿ ಎಡಗಡೆಯದು ಸಿಕ್ಕಿದರೆ ಬಲಗಡೆಯದಕ್ಕೆ ಇನ್ನೊಂದು ವರ್ಷ. ಖರ್ಚಿನ ಬಿಲ್ಲುಗಳನ್ನೆಲ್ಲ ಯಜಮಾನರು ಒಂದು ಫೈಲಿನಲ್ಲಿ ಇಡುತ್ತಾರೆ, ಆ ಫೈಲನ್ನು ಮನೆಯವರ ಕಣ್ಣಿಗೆ ಬೀಳದಂತೆ ಗ್ಯಾರೇಜಿನಲ್ಲಿ ಇಡುತ್ತಾರೆ. ಕೊನೆಗೆ ಕಪ್ಪು ಬಣ್ಣ, ಬಾನೆಟ್ಟಿನ ಮೇಲೆ ಉದ್ದಕ್ಕೆ ಎರಡು ಬಿಳಿ ಪಟ್ಟೆ. ಪಟ್ಟೆ ಬಳಿದ ದಿನವೇ ರೇಟು ಒಂದು ಲಕ್ಷ ಏರುತ್ತದೆ.

‘ಪಾರ್ಟಿ’ ಬರುವ ಭಾನುವಾರ ಯಜಮಾನರ ಹಬ್ಬ. ಬೆಳಿಗ್ಗೆ ಆರಕ್ಕೇ ಚೋಕ್ ಎಳೆದು, ಅಕ್ಕಪಕ್ಕದವರನ್ನು ಎಬ್ಬಿಸಿ, ಇಂಜಿನ್ ಬಿಸಿ ಮಾಡಿಟ್ಟಿರುತ್ತಾರೆ. ಹತ್ತು ಗಂಟೆಗೆ ಪಾರ್ಟಿಯ ಎದುರು ಒಂದೇ ಸೆಲ್ಫಿಗೆ ಸ್ಟಾರ್ಟ್ ಆದಾಗ, ‘ಹತ್ತು ದಿನದಿಂದ ಮುಟ್ಟೇ ಇಲ್ಲ ನೋಡಿ ಸಾರ್’ ಎನ್ನುತ್ತಾರೆ. ಪಾರ್ಟಿಯ ಜೊತೆ ಗುಬ್ಬಿ ಕಡೆಯ ಪಂಚೆಯ ಹಿರಿಯರೊಬ್ಬರು ಬಂದಿದ್ದರೆ ಅಪಾಯ. ಅವರು ಇಂಜಿನ್ ನೋಡುವುದಿಲ್ಲ. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟುತ್ತ ಹೋಗುತ್ತಾರೆ: ಟಣ್, ಟಣ್, ಟಣ್, ಹಿಂದಿನ ಚಕ್ರದ ಮೇಲೆ ಬಂದಾಗ ದಬ್. ಅಲ್ಲಿ ತಗಡಿಲ್ಲ, ಪಟ್ಟಿ. ಹಿರಿಯರು ಯಜಮಾನರ ಮುಖ ನೋಡುತ್ತಾರೆ, ಯಜಮಾನರು ಫ್ಲೈಓವರ್ ನೋಡುತ್ತಾರೆ. ‘ಕಾಫಿ ಕುಡೀರಿ ಯಜಮಾನ್ರೆ’ ಎಂಬ ಮಾತು ಹುಟ್ಟುವುದು ಇಲ್ಲೇ. ಟ್ರಯಲ್ಲು ಕ್ಯಾತ್ಸಂದ್ರದವರೆಗೆ; ಅಲ್ಲಿ ತಟ್ಟೆ ಇಡ್ಲಿ. ಪೆಟ್ರೋಲೂ ಇಡ್ಲಿಯೂ ಪಾರ್ಟಿಯ ಲೆಕ್ಕಕ್ಕೆ.

ವ್ಯಾಪಾರದ ಮಾತು ಇಡ್ಲಿಯ ನಂತರ. ‘ಲಾಸ್ಟ್ ಎಷ್ಟು ಹೇಳಿ ಅಣ್ಣ’ ಎಂದರೆ ಆರು ಲಕ್ಷ. ನಾಲ್ಕಕ್ಕೆ ಕೇಳಿದವನಿಗೆ ಅಭಿರುಚಿ ಇಲ್ಲ. ಐದಕ್ಕೆ ಕೇಳಿದರೆ ಮನೆಯಲ್ಲಿ ವಿಚಾರಿಸಬೇಕು. ಆರಕ್ಕೇ ಒಪ್ಪಿ ಯಾರಾದರೂ ಜೇಬಿಗೆ ಕೈಹಾಕಿದರೆ ಯಜಮಾನರ ಮುಖ ಬಾಡುತ್ತದೆ. ಚೆನ್ನೈನ ಪಾರ್ಟಿಯೊಂದು ಎಂಟಕ್ಕೆ ಕೇಳಿದ್ದು ಆಗ ಥಟ್ಟನೆ ನೆನಪಾಗುತ್ತದೆ. ಸಿದ್ಧಗಂಗೆಯ ದನಗಳ ಜಾತ್ರೆಗೆ ಜೋಡಿ ಎತ್ತನ್ನು ಸಿಂಗರಿಸಿ, ವಾದ್ಯ ಊದಿಸಿಕೊಂಡು ತಂದು, ರೇಟು ಕೇಳಿದವರಿಗೆಲ್ಲ ಹೇಳಿ, ಸಾಯಂಕಾಲ ಅದೇ ಎತ್ತುಗಳನ್ನು ಹೊಡೆದುಕೊಂಡು ಹೋಗುವ ಗೌಡರಿಗೂ ಇವರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಗೌಡರಿಗೆ ಉಳುಮೆಯಾದರೂ ಆಗುತ್ತದೆ.

ಇನ್ನು ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷ. ಅನಂತರ ಐದೈದು ವರ್ಷಕ್ಕೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ ಒಮ್ಮೆಗೇ 5,000ಕ್ಕೆ ಏರಿದಾಗ ಯಜಮಾನರು ಸರ್ಕಾರವನ್ನು ಬೈದು, ಕಟ್ಟಿ, ಆ ದುಡ್ಡನ್ನೂ ಕಾರಿನ ಬೆಲೆಗೆ ಸೇರಿಸಿದರು. ಕಾರನ್ನು ‘ವಿಂಟೇಜ್’ ಎಂದು ಅವರು ಕರೆದರೂ ಕಾನೂನು ಒಪ್ಪುವುದಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 1984ರ ಗಾಡಿಗೂ ಆ ಯೋಗ 2034ಕ್ಕೆ. ಇದನ್ನು ತಿಳಿದ ಮೇಲೆ ಯಜಮಾನರಿಗೆ ಮಾರದಿರಲು ಹೊಸ ಕಾರಣ ಸಿಕ್ಕಿದೆ.

ಮಾಲೀಕತ್ವ ಬದಲಿಸಲು ಬೇಕಾದ ಫಾರಂ 29 ಮತ್ತು 30 ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಸಿದ್ಧವಾಗಿಯೇ ಇರುತ್ತವೆ. ಮಾರುವವರ ಸಹಿಯೊಂದು ಬಾಕಿ. ಕಾಂಟೆಸ್ಸಾ ನೋಡುವ ಆಸೆಯುಳ್ಳವರು ಯಾವ ಭಾನುವಾರ ಬೇಕಾದರೂ ಬಟವಾಡಿಗೆ ಬರಬಹುದು. ಅಡ್ವಾನ್ಸ್ ತರುವ ಅಗತ್ಯವಿಲ್ಲ, ಇಡ್ಲಿಗೆ ಚಿಲ್ಲರೆ ಇದ್ದರೆ ಸಾಕು.